ತಲೆಕೂದಲಿಗಿಂತ ಸಪೂರದ ದಾರಿ

ಮಳೆಗಾಲದಲ್ಲಿ ಪೊಳಲಿಯ ಬೈಲುಗದ್ದೆಗೆ ಬರಿಗಾಲಲ್ಲಿ ಇಳಿಯುವ ನಮ್ಮವರ ಹಿಮ್ಮಡಿಯ ಒಡಕು ಕಂಡಾಗಲೆಲ್ಲ ನನಗೆ ಬರ್ಕ್‌ಹೋಲ್ಡೇರಿಯಾ ಸ್ಯೂಡೊಮಲೈ ಎಂಬ ಬ್ಯಾಕ್ಟೀರಿಯಾದ್ದೇ ಚಿಂತೆ. ಉಷ್ಣವಲಯದ ಒದ್ದೆ ಮಣ್ಣು ಅದರ ಮನೆ. ಗಾಯದ ಮೂಲಕ ಒಳಹೊಕ್ಕರೆ ಮೆಲಿಯಾಯ್ಡೋಸಿಸ್ ಎಂಬ ಸೋಂಕು ತರುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಅಪಾಯ ಹೆಚ್ಚು. ನಮ್ಮ ಕರಾವಳಿಯ ರೋಗಿಗಳಲ್ಲಿ ಇದು ಸಿಕ್ಕಿದ್ದನ್ನು ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ತಜ್ಞರು ಮತ್ತೆ ಮತ್ತೆ ವರದಿ ಮಾಡಿದ್ದಾರೆ. ಜಂಟಾಮೈಸಿನ್ ಎಂಬ ಆಂಟಿಬಯೋಟಿಕ್ ಇದಕ್ಕೆ ಸಾಮಾನ್ಯವಾಗಿ ನಾಟುವುದಿಲ್ಲ. ಸೆಫ್ಟಾಜಿಡಿಮ್ ಅಥವಾ ಮೆರೊಪೆನೆಮ್ ಬೇಕು. ಕ್ಷಯವೆಂದೋ ಸ್ಯೂಡೊಮೊನಾಸ್ ಎಂಬ ಬೇರೆ ಬ್ಯಾಕ್ಟೀರಿಯಾ ಎಂದೋ ತಪ್ಪಾಗಿ ತಿಳಿದರೆ ಕಳೆದುಹೋಗುವುದು ರೋಗಿಯ ಅಮೂಲ್ಯ ದಿನಗಳು.

ನೋಟಕ್ಕೆ ಒಂದೇ ತರಹದ ಬ್ಯಾಕ್ಟೀರಿಯಾಗಳನ್ನು ಬೇರೆ ಮಾಡಿ ತೋರಿಸುವುದು ಅವುಗಳ ಪ್ರೋಟೀನು. ಇ. ಕೋಲೈಯಂಥ ಪುಟ್ಟ ಜೀವಿಯಲ್ಲೇ, ಹೆಚ್ಚಿನವು ಪ್ರೋಟೀನಿನ ನಕಾಶೆಯಾಗಿರುವ, ಸುಮಾರು 4,300 ಜೀನುಗಳಿವೆ. ಜೀವಕೋಶವನ್ನು ಒಡೆದರೆ ಸಾವಿರಾರು ಪ್ರೋಟೀನುಗಳು ಒಟ್ಟಿಗೆ ಹೊರಬರುತ್ತವೆ. ಅವನ್ನು ಬಿಡಿಸುವ ದಾರಿಗಳಲ್ಲಿ ನಾನು ಜೀವರಸಾಯನದ ಪಾಠದಲ್ಲಿ ಅತಿ ಪ್ರೀತಿಯಿಂದ ಹೇಳಿಕೊಡುವುದು ಕ್ಯಾಪಿಲರಿ ಎಲೆಕ್ಟ್ರೋಫೊರೆಸಿಸ್.

ಇದರಲ್ಲಿ ಕ್ಯಾಪಿಲರಿ ಎಂದರೆ ಸಿಲಿಕಾ ಗಾಜಿನ ಕೊಳವೆ. ಒಳವ್ಯಾಸ ಹೆಚ್ಚಾಗಿ 50 ಮೈಕ್ರೋಮೀಟರ್, ತಲೆಕೂದಲಿಗಿಂತ ಸಪೂರ. ಉದ್ದ ಅರ್ಧ ಮೀಟರಿನ ಆಸುಪಾಸು. ಹೊರಗಿನ ಕಂದು ಲೇಪ ಇರುವುದರಿಂದಲೇ ಅದು ಮುರಿಯದೆ ಬಾಗುತ್ತದೆ. ಎರಡೂ ತುದಿಗಳನ್ನು ಬಫರ್ ದ್ರಾವಣದಲ್ಲಿ ಅದ್ದಿ, ಕೆಲವೇ ನ್ಯಾನೋಲೀಟರ್ ಮಾದರಿ ಒಳಗೆಳೆದು, 30,000 ವೋಲ್ಟ್‌ವರೆಗೆ ವಿದ್ಯುತ್ ಹಾಯಿಸುತ್ತಾರೆ. ದಪ್ಪ ಕೊಳವೆಗೆ ಇಷ್ಟು ಕೊಟ್ಟರೆ ಒಳಗಿನ ದ್ರಾವಣ ಬಿಸಿಯೇರಿ ಎಲ್ಲ ಕಲಸಿಹೋದೀತು. ಸಪೂರ ಕೊಳವೆಯ ಗೋಡೆ ಆ ಬಿಸಿಯನ್ನು ಬೇಗ ಹೊರಗೆ ಬಿಡುತ್ತದೆ. 1981ರಲ್ಲಿ ಅಮೆರಿಕದ ಜೇಮ್ಸ್ ಜೋರ್ಗೆನ್ಸನ್ ಮತ್ತು ಕ್ರಿನ್ ಲುಕಾಕ್ಸ್ 75 ಮೈಕ್ರೋಮೀಟರ್ ಕೊಳವೆಯಲ್ಲಿ ಇದನ್ನು ಮಾಡಿ ತೋರಿಸಿದರು.

ಇಲ್ಲಿನ ಸೊಬಗು ಹರಿವಿನಲ್ಲಿದೆ. ಗಾಜಿನ ಒಳಗೋಡೆಗೆ ಋಣ ವಿದ್ಯುದಂಶವಿರುವ ಕಾರಣ ಅದರ ಬಳಿ ಧನ ಅಯಾನುಗಳು ಸೇರುತ್ತವೆ. ವಿದ್ಯುತ್ ಹಾಯ್ದಾಗ ಅವು ಇಡೀ ದ್ರಾವಣವನ್ನೇ ಎಳೆದುಕೊಂಡು ಋಣ ತುದಿಯತ್ತ ಸಾಗುತ್ತವೆ. ಋಣ ಪ್ರೋಟೀನುಗಳಿಗೆ ಹೋಗಬೇಕಾದದ್ದು ಎದುರು ದಿಕ್ಕಿಗೆ. ಆದರೆ ನೆರೆ ಬಂದ ಫಲ್ಗುಣಿ ನದಿಯಲ್ಲಿ ಮೇಲಕ್ಕೆ ಹುಟ್ಟು ಹಾಕುವ ದೋಣಿಯೂ ಕಡಲಿನತ್ತಲೇ ಜಾರುವಂತೆ, ಅವೂ ಕೆಳಗೆ ಬರುತ್ತವೆ, ತಡವಾಗಿ ಮಾತ್ರ. ಧನ ಪ್ರೋಟೀನು ಮೊದಲು, ವಿದ್ಯುದಂಶವಿಲ್ಲದ್ದು ಆಮೇಲೆ, ಋಣದ್ದು ಕೊನೆಗೆ. ಕೊಳವೆಯ ಲೇಪ ತೆಗೆದ ಒಂದು ಕಿರುಕಿಂಡಿಯಲ್ಲಿ ಅತಿನೇರಳೆ ಬೆಳಕು ಬೀಳುತ್ತದೆ. ಪ್ರೋಟೀನು ಹಾದಾಗ ಬೆಳಕು ಹೀರಲ್ಪಟ್ಟು ಪರದೆಯ ಮೇಲೆ ಶಿಖರವೊಂದು ಮೂಡುತ್ತದೆ.

ಆದರೆ ಹರಿವನ್ನು ಹುಟ್ಟಿಸುವ ಅದೇ ಗೋಡೆ ಧನ ಪ್ರೋಟೀನುಗಳನ್ನು ಅಂಟಿಸಿಕೊಂಡೂ ಬಿಡುತ್ತದೆ. ಆಗ ಶಿಖರಕ್ಕೆ ಬಾಲ ಬರುತ್ತದೆ, ಕೆಲವು ಪ್ರೋಟೀನು ಹೊರಗೇ ಬರುವುದಿಲ್ಲ. ಬ್ಯಾಕ್ಟೀರಿಯಾದ ಹೊರಪೊರೆಯ ಪ್ರೋಟೀನುಗಳಂತೂ ನೀರಲ್ಲಿ ಸುಲಭವಾಗಿ ಕರಗುವುದೂ ಇಲ್ಲ. ಅದಕ್ಕೇ ಒಳಗೋಡೆಗೆ ಪಾಲಿಅಕ್ರಿಲಮೈಡ್ ಸವರುತ್ತಾರೆ. ಇಲ್ಲವೇ ಎಸ್‌ಡಿಎಸ್ ಎಂಬ ಮಾರ್ಜಕ ಬೆರೆಸಿ, ಪಾಲಿಮರ್ ದ್ರಾವಣದ ನಡುವೆ ಓಡಿಸಿ, ಗಾತ್ರದ ಮೇಲೆ ಬೇರ್ಪಡಿಸುತ್ತಾರೆ.

ಇಂದು ದೊಡ್ಡ ಆಸ್ಪತ್ರೆಗಳಲ್ಲಿ ಬ್ಯಾಕ್ಟೀರಿಯಾದ ಹೆಸರು ಹೇಳುವುದು ಮಾಲ್ಡಿ-ಟಾಫ್ ಯಂತ್ರ. ಅದೂ ಓದುವುದು ಪ್ರೋಟೀನುಗಳನ್ನೇ, ತೂಕದ ಲೆಕ್ಕದಲ್ಲಿ. ಆದರೆ ಅದರ ದತ್ತಾಂಶದಲ್ಲಿ ಸ್ಯೂಡೊಮಲೈ ಇಲ್ಲದಿದ್ದರೆ, ಅಷ್ಟೇನೂ ಅಪಾಯಕಾರಿಯಲ್ಲದ ಅದರ ಬಂಧು ಥಾಯ್ಲಂಡೆನ್ಸಿಸ್ ಎಂದು ಹೆಸರಿಸಿಬಿಡಬಹುದು. ಕ್ಯಾಪಿಲರಿಯ ಕೆಲಸ ಹೆಚ್ಚಾಗಿ ಸಂಶೋಧನೆಯಲ್ಲಿ: ಔಷಧ ತಾಗಿದ ಮೇಲೆ ಯಾವ ಪ್ರೋಟೀನು ಹೆಚ್ಚಿತು, ಯಾವುದು ಕುಗ್ಗಿತು ಎಂದು ಚೂರೇ ಚೂರು ಮಾದರಿಯಲ್ಲಿ ಅಳೆಯಲು.

ಯಾವ ಯಂತ್ರವೂ ತಾನಾಗಿ ಗದ್ದೆಯ ಸುದ್ದಿ ಕೇಳುವುದಿಲ್ಲ. ಮಳೆಗಾಲದ ಜ್ವರ ಬಿಡದಿದ್ದರೆ, ಕೆಸರಿನ ಕೆಲಸ, ಕಾಲಿನ ಗಾಯ, ಸಕ್ಕರೆ ಕಾಯಿಲೆ ಮೂರನ್ನೂ ಡಾಕ್ಟರಿಗೆ ಹೇಳಿ. ರಕ್ತದ ಕಲ್ಚರಿನ ಚೀಟಿಯಲ್ಲಿ ಬರೆಯಲೂ ಕೇಳಿ. ಯಾವುದನ್ನು ಹುಡುಕಬೇಕೆಂದು ಆಗ ಲ್ಯಾಬಿನವರಿಗೆ ಗೊತ್ತಾಗುತ್ತದೆ.