ಕಿರಿಯರ ಕೈಯಲ್ಲಿ ವಾಹನ, ಹಿರಿಯರ ಮೇಲೆ ಹೊಣೆ

ಸಂಜೆ ಕಾಲೇಜು ಬಿಡುವ ವೇಳೆಯಲ್ಲಿ ನಂಜನಗೂಡಿನಲ್ಲಾಗಲಿ ತಿರುಮಕೂಡಲು ನರಸೀಪುರದಲ್ಲಾಗಲಿ ಅರ್ಧ ಗಳಿಗೆ ಬೀದಿಯಲ್ಲಿ ನಿಂತವರಿಗೆ, ಮೀಸೆ ಮೊಳೆಯದ ಬಾಲಕರು ತಂದೆಯ ಸ್ಕೂಟರಿನ ಮೇಲೆ ಮೂವರು ಮೂವರಾಗಿ ಸಾಗುವ ನೋಟವು ಹೊಸದಲ್ಲ. ಈ ಎರಡು ಪಟ್ಟಣಗಳನ್ನೂ ಮುಟ್ಟಿ ಹೋಗುವ 766ನೆಯ ರಾಷ್ಟ್ರೀಯ ಹೆದ್ದಾರಿಯು ಲಾರಿ ಬಸ್ಸುಗಳ ಮಾರ್ಗವೇ ಹೊರತು ಬಾಲಕರ ಅಭ್ಯಾಸದ ಬಯಲಲ್ಲ.

ಕಾಯಿದೆಯು ಮೆಟ್ಟಿಲುಗಳನ್ನು ಕಟ್ಟಿಲ್ಲವೆಂದು ಹೇಳಲಾಗದು. 1988ರ ಮೋಟಾರು ವಾಹನಗಳ ಕಾಯಿದೆಯಂತೆ 16 ವರ್ಷ ತುಂಬಿದವರು ಪೋಷಕರ ಲಿಖಿತ ಸಮ್ಮತಿಯಿಂದ 50 ಸಿ.ಸಿ. ಮೀರದ ದ್ವಿಚಕ್ರ ವಾಹನಕ್ಕೆ ಮಾತ್ರ ಅರ್ಹರು. ದೊಡ್ಡ ದ್ವಿಚಕ್ರಕ್ಕೂ ಕಾರಿಗೂ 18 ತುಂಬತಕ್ಕದ್ದು. ಮೊದಲು 6 ತಿಂಗಳ ಅವಧಿಯ ಕಲಿಕೆಯ ಲೈಸೆನ್ಸು; ಅದನ್ನು ಪಡೆದು 30 ದಿನ ಕಳೆಯದೆ ಚಾಲನೆಯ ಪರೀಕ್ಷೆಗೆ ನಿಲ್ಲುವಂತಿಲ್ಲ. ಕಲಿಯುವಾಗ ವಾಹನದ ಮುಂದೆಯೂ ಹಿಂದೆಯೂ ‘ಎಲ್’ ಫಲಕವಿರಬೇಕು. ಲೈಸೆನ್ಸುಳ್ಳ ಶಿಕ್ಷಕರು ಜೊತೆಗಿರಬೇಕು.

ಆದರೆ ಮೊದಲನೆಯ ಮೆಟ್ಟಿಲು ಹೆಸರಿಗಷ್ಟೇ ಉಳಿದಿದೆ. ಇಂದು ಮಾರಾಟವಾಗುವ ಪೆಟ್ರೋಲು ಸ್ಕೂಟರುಗಳು ಬಹುಮಟ್ಟಿಗೆ 100 ಸಿ.ಸಿ. ಮೀರಿದವು. ಆ 30 ದಿನಗಳನ್ನೋ, ಅಭ್ಯಾಸಕ್ಕೆ ಬಳಸದೆ ಸುಮ್ಮನೆ ಕಾದು ಕಳೆಯುವವರು ಹಲವರು. ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಲೈಸೆನ್ಸು ಕೈಗೆ ಬಂದ ದಿನವೇ ನಡುರಾತ್ರಿಯಲ್ಲಿ ಗೆಳೆಯನನ್ನು ಹಿಂದೆ ಕೂರಿಸಿಕೊಂಡು ಹೆದ್ದಾರಿಗೆ ಇಳಿಯಲು ಯಾವ ಅಡ್ಡಿಯೂ ಇಲ್ಲ. ನ್ಯೂಜಿಲೆಂಡ್ ದೇಶವು 1987ರಲ್ಲಿಯೇ ಕಲಿಕೆಗೂ ಪೂರ್ಣ ಸ್ವಾತಂತ್ರ್ಯಕ್ಕೂ ನಡುವೆ ಮತ್ತೊಂದು ಮೆಟ್ಟಿಲನ್ನಿರಿಸಿ, ಅನುಭವಿಗಳ ಜೊತೆಯಿಲ್ಲದೆ ಹೊಸಬರು ರಾತ್ರಿ 10ರಿಂದ ಬೆಳಗಿನ 5ರವರೆಗೆ ವಾಹನ ನಡೆಸಬಾರದೆಂದೂ ಗೆಳೆಯರನ್ನು ಕೂರಿಸಿಕೊಳ್ಳಬಾರದೆಂದೂ ವಿಧಿಸಿತು. ಕತ್ತಲೆಯೂ ಗೆಳೆಯರ ಹುರಿದುಂಬಿಕೆಯೂ ಕೂಡಿದಲ್ಲಿ ಎಳೆಯ ಕೈ ಬೇಗ ತಪ್ಪುವುದೆಂಬುದೇ ಇದರ ಮರ್ಮ.

ಬಸ್ಸು ತಪ್ಪಿದರೆ ಪಾಠ ತಪ್ಪುವುದೆಂಬ ಹಳ್ಳಿಯ ತಂದೆಯ ಕಷ್ಟವನ್ನು ನಾವು ಅರಿಯದವರಲ್ಲ. ಕಾಲೇಜಿನ ವೇಳೆಗೆ ಬಸ್ಸುಗಳನ್ನು ಹೊಂದಿಸುವುದು ಸಾರಿಗೆ ಅಧಿಕಾರಿಗಳ ಕರ್ತವ್ಯ. ಆದರೂ 2019ರ ತಿದ್ದುಪಡಿಯನ್ನು ಮಹಾಜನರು ಮರೆಯಲಾಗದು. ಅಪ್ರಾಪ್ತ ವಯಸ್ಕನು ಈ ಕಾಯಿದೆಯ ಅಪರಾಧವೆಸಗಿದರೆ, ತಮ್ಮ ಅರಿವಿಲ್ಲದೆ ನಡೆಯಿತೆಂದು ಸಾಬೀತುಪಡಿಸದ ಪೋಷಕರಿಗೆ ಅಥವಾ ವಾಹನದ ಒಡೆಯರಿಗೆ 3 ವರ್ಷಗಳವರೆಗೆ ಸೆರೆವಾಸ, 25,000 ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳು ರದ್ದು. ಬಾಲಕನಿಗೆ 25 ತುಂಬುವವರೆಗೆ ಲೈಸೆನ್ಸಿಲ್ಲ. ಇವೆಲ್ಲ ಜೀವ ಉಳಿದವರ ಮಾತು. ಹೋದ ಮಗನನ್ನು ಯಾವ ದಂಡವೂ ಮರಳಿ ತಾರದು.

ಸರ್ಕಾರವು ಆ ನಡುಮೆಟ್ಟಿಲನ್ನು ಕಟ್ಟಲಿ. ಅಲ್ಲಿಯವರೆಗೆ ಮನೆಯ ಹಿರಿಯರೇ ಅದನ್ನು ಕಟ್ಟಬಹುದು. ಲೈಸೆನ್ಸು ಬಂದ ಮೊದಲನೆಯ ವರ್ಷ ಕತ್ತಲಾದ ಮೇಲೆ ಒಬ್ಬನೇ ಹೋಗಕೂಡದು, ಹಿಂದೆ ಗೆಳೆಯನಿರಕೂಡದು, ಹೆಲ್ಮೆಟ್ಟಿಲ್ಲದೆ ವಾಹನದ ಬೀಗದ ಕೈ ದೊರೆಯಕೂಡದು. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ರಥವನ್ನೆಳೆಯುವವರು ಸಾವಿರಾರು ಮಂದಿ. ಗಾಲಿಗೆ ಮರದ ತಡೆ ಕೊಡುವವರು ಕೆಲವರೇ. ಆ ಕೆಲವರು ಬಂದು ನಿಲ್ಲದೆ ರಥವನ್ನು ಎಳೆಯುವುದಿಲ್ಲ. ಮನೆಯಲ್ಲಿ ತಂದೆಯ ಸ್ಥಾನವೂ ಆ ತಡೆ ಹಿಡಿದವರದೇ.