ಬಿಸಿಯಾದ ಜೋಡಣೆಯನ್ನು ದೂರದಿಂದ ಕಾಣುವ ಬಗೆ

ವಿಜಯಪುರ ನಗರದಿಂದ ಪಶ್ಚಿಮಕ್ಕೆ ತಿಕೋಟಾದ ಕಡೆಗಾಗಲಿ, ನೈಋತ್ಯಕ್ಕೆ ಬಬಲೇಶ್ವರದ ಕಡೆಗಾಗಲಿ ಹೊರಟರೆ ದ್ರಾಕ್ಷಿಯ ತೋಟಗಳೂ ಅವುಗಳ ನಡುವೆ ಕಂಬಗಳ ಮೇಲೆ ನಿಲ್ಲಿಸಿದ ವಿದ್ಯುತ್ ಪರಿವರ್ತಕಗಳೂ ನಮಗೆ ಕಾಣುತ್ತವೆ. ಈ ಪರಿವರ್ತಕವನ್ನು ರೈತರು ‘ಟಿ.ಸಿ.’ ಎನ್ನುತ್ತಾರೆ. ಏಪ್ರಿಲ್ ತಿಂಗಳಿನಲ್ಲಿ ಬಳ್ಳಿಗಳನ್ನು ಸವರುವ ಚಾಟನಿ ಮುಗಿದ ಮೇಲೆ ಹೊಸ ಚಿಗುರಿಗೆ ನೀರು ಬೇಕು. ಆಗಲೇ ಬಿಸಿಲು 40 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಅಂಥ ದಿನಗಳಲ್ಲಿ ಪಂಪು ನಿಂತರೆ ವರ್ಷದ ದುಡಿಮೆಗೇ ಸಂಚಕಾರ. ನಿಲ್ಲುವುದಕ್ಕೆ ಕಾರಣಗಳು ಹಲವು; ಅವುಗಳಲ್ಲಿ ಅತಿ ಚಿಕ್ಕದು ಸಡಿಲವಾದ ಒಂದು ಬೋಲ್ಟು. ಅದನ್ನು ಮುಟ್ಟದೆ, ವಿದ್ಯುತ್ತನ್ನು ನಿಲ್ಲಿಸದೆ, ನೆಲದ ಮೇಲೆ ನಿಂತೇ ಪತ್ತೆ ಹಚ್ಚಬಹುದೇ? ಹಚ್ಚಬಹುದು. ಅದು ಹೇಗೆಂಬುದನ್ನು ನೋಡೋಣ.

ಎರಡು ಲೋಹದ ಪಟ್ಟಿಗಳನ್ನು ಬೋಲ್ಟಿನಿಂದ ಬಿಗಿದಾಗ ಅವು ಪೂರ್ಣವಾಗಿ ಕೂಡಿಕೊಂಡಂತೆ ನಮಗೆ ತೋರುತ್ತದೆ. ವಾಸ್ತವವಾಗಿ ಅವು ಕೆಲವೇ ಸಣ್ಣ ಬಿಂದುಗಳಲ್ಲಿ ಮಾತ್ರ ಒಂದನ್ನೊಂದು ಮುಟ್ಟುತ್ತವೆ. ಹಗಲಿನ ಕಾವಿಗೆ ಹಿಗ್ಗಿ, ಇರುಳಿನ ತಂಪಿಗೆ ಕುಗ್ಗಿ ಬಿಗಿತ ಕಡಿಮೆಯಾದರೆ ಆ ಬಿಂದುಗಳೂ ಕಡಿಮೆಯಾಗುತ್ತವೆ. ಅಲ್ಯೂಮಿನಿಯಮ್ಮಿನ ಮೇಲೆ ಕೂಡುವ ಆಕ್ಸೈಡಿನ ಪೊರೆ ವಿದ್ಯುತ್ತನ್ನು ಸಾಗಗೊಡದು. ಹೀಗೆ ಜೋಡಣೆಯ ರೋಧ ಹೆಚ್ಚುತ್ತದೆ. ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದರೆ ಸೆಕೆಂಡಿಗೆ ಹುಟ್ಟುವ ಉಷ್ಣ ದೊರೆಯುತ್ತದೆ; ಇದು ಜೂಲನ ನಿಯಮ. 100 ಆಂಪಿಯರ್ ಪ್ರವಾಹವು 0.0001 ಓಮ್ ರೋಧವಿರುವ ಒಳ್ಳೆಯ ಜೋಡಣೆಯಲ್ಲಿ ಕೇವಲ 1 ವ್ಯಾಟ್ ಉಷ್ಣವನ್ನು ಉಂಟುಮಾಡುತ್ತದೆ. ರೋಧ 0.005 ಓಮಿಗೆ ಏರಿತೆಂದರೆ ಅದೇ ಪ್ರವಾಹದಿಂದ 50 ವ್ಯಾಟ್ ಉಷ್ಣ ಹುಟ್ಟುತ್ತದೆ. ಬಿಸಿಯಿಂದ ಆಕ್ಸೈಡು ಬೆಳೆಯುತ್ತದೆ, ಆಕ್ಸೈಡಿನಿಂದ ಬಿಸಿ ಬೆಳೆಯುತ್ತದೆ. ಕಡೆಗೊಂದು ದಿನ ಜೋಡಣೆ ಕರಗಿ ಕಳಚಿಕೊಂಡರೆ ಮೂರು ಫೇಸುಗಳಲ್ಲಿ ಒಂದು ಇಲ್ಲವಾಗುತ್ತದೆ. ಉಳಿದ ಎರಡರ ಮೇಲೆಯೇ ತಿರುಗಲು ಹೆಣಗುವ ಮೋಟಾರು ಮಿತಿಮೀರಿ ಪ್ರವಾಹವನ್ನೆಳೆದು ಸುಟ್ಟುಹೋಗಬಹುದು.

ಈ ಕಾವು ತನ್ನ ಇರವನ್ನು ಮೊದಲೇ ಸಾರುತ್ತಿರುತ್ತದೆ. 1800ರಲ್ಲಿ ವಿಲಿಯಂ ಹರ್ಷೆಲ್ ಸೂರ್ಯನ ಬೆಳಕನ್ನು ಪಟ್ಟಕದಿಂದ ಬಿಡಿಸಿ, ಕೆಂಪು ಬಣ್ಣದ ಆಚೆ ಏನೂ ಕಾಣದ ಎಡೆಯಲ್ಲಿ ಉಷ್ಣಮಾಪಕವನ್ನಿಟ್ಟನು. ಅದರ ಪಾದರಸವು ಏರಿತು. ಅಲ್ಲಿ ಬೀಳುತ್ತಿದ್ದವು ಅವಕೆಂಪು ಕಿರಣಗಳು. ಎಲ್ಲ ವಸ್ತುಗಳೂ ತಮ್ಮ ಉಷ್ಣತೆಗೆ ತಕ್ಕಂತೆ ಇಂಥ ಕಿರಣಗಳನ್ನು ಸೂಸುತ್ತವೆ. ನಮ್ಮ ಸುತ್ತಲಿನ ವಸ್ತುಗಳಲ್ಲಿ ಅವು 10 ಮೈಕ್ರಾನ್ ತರಂಗದೂರದ ಸುಮಾರಿನಲ್ಲಿ ಅತಿ ಪ್ರಬಲವಾಗಿರುತ್ತವೆ. ಈ ಕಿರಣಗಳನ್ನು ಗಾಜು ತಡೆಯುವುದರಿಂದ ಉಷ್ಣಚಿತ್ರದ ಕ್ಯಾಮರಾಕ್ಕೆ ಜರ್ಮೇನಿಯಮ್ಮಿನ ಮಸೂರವನ್ನು ಬಳಸುತ್ತಾರೆ. ಮಸೂರದ ಹಿಂದೆ, ಅನೇಕ ಕ್ಯಾಮರಾಗಳಲ್ಲಿ, ವನೇಡಿಯಂ ಆಕ್ಸೈಡಿನ ಸಾವಿರಾರು ಸೂಕ್ಷ್ಮ ಚುಕ್ಕೆಗಳಿರುತ್ತವೆ. ಕಿರಣ ಬಿದ್ದ ಚುಕ್ಕೆ ಬಿಸಿಯಾಗಿ ಅದರ ರೋಧ ಬದಲಾಗುತ್ತದೆ; ಆ ಬದಲಾವಣೆಯೇ ಚಿತ್ರವಾಗುತ್ತದೆ. ಅದರಲ್ಲಿ ಕಾಣುವ ಕೆಂಪು, ಹಳದಿ, ನೀಲಿಗಳು ನಮ್ಮ ಅನುಕೂಲಕ್ಕಾಗಿ ಬಳಿದ ಬಣ್ಣಗಳೇ ಹೊರತು ವಸ್ತುವಿನವಲ್ಲ.

ಆದರೆ ಕ್ಯಾಮರಾ ತೋರಿಸುವುದು ಕಿರಣವನ್ನು, ದೋಷವನ್ನಲ್ಲ. ಸ್ಟೀಲಿನ ಹೊಳೆಯುವ ತಂಬಿಗೆಯಲ್ಲಿ ಬಿಸಿನೀರನ್ನು ತುಂಬಿ, ಅದಕ್ಕೆ ಕಪ್ಪು ಇನ್ಸುಲೇಷನ್ ಟೇಪಿನ ತುಂಡೊಂದನ್ನು ಅಂಟಿಸಿ ನೋಡಿದರೆ ಈ ಮಾತು ಮನದಟ್ಟಾಗುತ್ತದೆ. ಟೇಪು ಬಿಸಿಯಾಗಿ ಕಾಣುತ್ತದೆ. ಅಷ್ಟೇ ಬಿಸಿಯಾದ ತಂಬಿಗೆ ತಣ್ಣಗಿರುವಂತೆ ಕಾಣುತ್ತದೆ. ನಯವಾದ ಲೋಹವು ಕಿರಣಗಳನ್ನು ಸೂಸುವುದರಲ್ಲಿ ಜಿಪುಣ, ಪ್ರತಿಫಲಿಸುವುದರಲ್ಲಿ ಧಾರಾಳಿ. ಆದುದರಿಂದ ಹೊಸ ಅಲ್ಯೂಮಿನಿಯಂ ಜೋಡಣೆಯು ತನ್ನ ಕಾವನ್ನು ಮರೆಸಿ ಸೂರ್ಯನ ಕಾವನ್ನು ತೋರಿಸಬಹುದು.

ಇನ್ನೊಂದು ತೊಡಕೂ ಉಂಟು. ಪ್ರವಾಹವಿಲ್ಲದಿದ್ದರೆ ಬಿಸಿಯೂ ಇಲ್ಲ. ಪ್ರವಾಹ ಅರ್ಧಕ್ಕಿಳಿದರೆ ಉಷ್ಣ ಕಾಲುಭಾಗಕ್ಕಿಳಿಯುತ್ತದೆ; ದೋಷವು ಚಿಕ್ಕದಾಗಿ ತೋರುತ್ತದೆ. ಬಿಸಿಲಿನ ಮೋಸವನ್ನು ತಪ್ಪಿಸಲು ಇರುಳು ಒಳ್ಳೆಯ ವೇಳೆ. ಆದರೆ ತೋಟದ ಪಂಪುಗಳು ಹಗಲಿನಲ್ಲಿ ಮಾತ್ರ ಓಡುವ ಮಾರ್ಗವನ್ನು ಇರುಳಿನಲ್ಲಿ ನೋಡಿ ಫಲವೇನು? ಆಗ ಹಗಲಿನಲ್ಲಿಯೇ ಪರೀಕ್ಷಿಸಬೇಕು. ಅದಕ್ಕೆ ಎರಡು ಉಪಾಯಗಳಿವೆ. ನಿಂತ ಜಾಗವನ್ನು ಬದಲಿಸಿ ನೋಡುವುದು ಮೊದಲನೆಯದು: ಪ್ರತಿಫಲನವಾದರೆ ಹೊಳಪು ಸರಿಯುತ್ತದೆ, ನಿಜವಾದ ಕಾವಾದರೆ ಇದ್ದಲ್ಲಿಯೇ ಇರುತ್ತದೆ. ಮೂರು ಫೇಸುಗಳನ್ನು ಹೋಲಿಸುವುದು ಎರಡನೆಯದು: ಬಿಸಿಲು ಒಂದೇ ಬಗೆಯಾಗಿ ಬೀಳುತ್ತಿದ್ದರೆ ಮೂರೂ ಒಂದೇ ಸಮನಾಗಿ ಕಾಯುತ್ತವೆ. ಒಂದೇ ಬಗೆಯ ಹೊರೆ ಹೊತ್ತ ಮೂರರಲ್ಲಿ ಒಂದು ಮಾತ್ರ 15 ಡಿಗ್ರಿಗಿಂತ ಹೆಚ್ಚು ಬಿಸಿಯಾಗಿದ್ದರೆ ಅದನ್ನು ತಡಮಾಡದೆ ಸರಿಪಡಿಸಬೇಕೆಂಬುದು ಪರೀಕ್ಷಕರಲ್ಲಿ ಬಳಕೆಯಲ್ಲಿರುವ ಒಂದು ನಿಯಮ. ಗಾಳಿ ಬೀಸುತ್ತಿದ್ದರೆ ಕಾವು ಇಳಿದು ಕಾಣುವುದರಿಂದ ಅದನ್ನೂ ಗಮನಿಸಬೇಕು.

ನಮ್ಮ ದೇಶದ ವಿದ್ಯುತ್ ಕೇಂದ್ರಗಳಲ್ಲಿ ಈ ತಪಾಸಣೆಗೆ ‘ಥರ್ಮೋವಿಷನ್’ ಎಂಬ ಹೆಸರು ರೂಢಿಯಲ್ಲಿದೆ. ದೋಷ ಕಂಡ ಮೇಲೆ ವಿದ್ಯುತ್ತನ್ನು ನಿಲ್ಲಿಸಿ, ಜೋಡಣೆಯನ್ನು ಬಿಚ್ಚಿ, ಉಜ್ಜಿ ಶುಚಿಮಾಡಿ, ಬಿಗಿದು, ಮತ್ತೊಮ್ಮೆ ಹೊರೆ ಬಿದ್ದಾಗ ಚಿತ್ರ ತೆಗೆದು ನೋಡಬೇಕು. ಇದು ತರಬೇತಿ ಪಡೆದವರ ಕೆಲಸ. ವಿದ್ಯಾರ್ಥಿಗಳು ಕಂಬದ ಬಳಿ ಸುಳಿಯಲಾಗದು. ಆದರೆ ಜೂಲನ ನಿಯಮವನ್ನೂ ಹರ್ಷೆಲನ ಪ್ರಯೋಗವನ್ನೂ ಪಾಠದಲ್ಲಿ ಓದುವಾಗ ತಿಕೋಟಾದ ತೋಟದ ಆ ಒಂದು ಬೋಲ್ಟನ್ನು ಅವರು ನೆನೆಯಲಿ. ಸಕಾಲದಲ್ಲಿ ಕಂಡರೆ ಅದರ ಚಿಕಿತ್ಸೆ ಕೆಲವು ನಿಮಿಷಗಳದು. ಕಾಣದೆ ಹೋದರೆ ಒಂದು ಹಂಗಾಮಿನ ಬೆಳೆಯನ್ನೇ ಅದು ಬೇಡಬಹುದು.