ಎಸ್‌.ಪಿ. ರಸ್ತೆಯ ಬೂಟ್ ಡಿಸ್ಕು

ಬೆಂಗಳೂರಿನ ಟೌನ್‌ಹಾಲ್ ಬಳಿಯ ಎಸ್‌.ಪಿ. ರಸ್ತೆಯಲ್ಲಿ ಮಟಮಟ ಮಧ್ಯಾಹ್ನ. ಕೈಗಾಡಿ, ಸ್ಕೂಟರು, ಮಾನಿಟರ್ ಪೆಟ್ಟಿಗೆ ಹೊತ್ತ ಹಮಾಲಿ, ಎಲ್ಲರಿಗೂ ಒಂದೇ ಸಲ ದಾರಿ ಬೇಕು. ಕೇಬಲ್ಲಿನ ಕಂತೆ, ಕೀಬೋರ್ಡಿನ ರಾಶಿಗಳ ನಡುವೆ ಕಿರಿದಾದ ಮೆಟ್ಟಿಲು. ಹತ್ತಿದರೆ, ನಾಲ್ಕು ಜನ ನಿಂತರೆ ತುಂಬಿಹೋಗುವ ರಿಪೇರಿ ಅಂಗಡಿ.

“ಅಣ್ಣಾ, ಲಿನಕ್ಸ್ ಮಿಂಟ್ ಡಿವಿಡಿಗೆ ಹಾಕಿದೀನಿ, ಸಿಸ್ಟಮ್ ತಗೋತಾನೇ ಇಲ್ಲ,” ಎನ್ನುತ್ತಾನೆ ಕಾಲೇಜು ಹುಡುಗ. ಮಿಂಟ್ ಎಂದರೆ ವಿಂಡೋಸ್ ಬದಲಿಗೆ ಹಾಕಿಕೊಳ್ಳಬಹುದಾದ ಕಾರ್ಯಾಚರಣಾ ವ್ಯವಸ್ಥೆ.

ರಿಪೇರಿಯವರು ಡಿಸ್ಕು ತೆರೆದು ನೋಡುತ್ತಾರೆ. ಒಳಗೆ, ಇಡೀ ಡಿಸ್ಕನ್ನೇ ಗಂಟುಕಟ್ಟಿದ ಒಂದೇ ಒಂದು ಐಎಸ್‌ಒ ಫೈಲು.

“ನೋಡಪ್ಪ, ಗಂಟು ಬಿಚ್ಚದೆ ಅಟ್ಟದ ಮೇಲಿಟ್ಟ ಹಾಗಾಗಿದೆ. ಕಾಪಿ ಮಾಡಿದ್ರೆ ಆಗಲ್ಲ, ಇಮೇಜ್ ಬರ್ನ್ ಮಾಡ್ಬೇಕು.”

ಮಾತು ನಿಜ. ಸ್ವಿಚ್ಚು ಒತ್ತಿದೊಡನೆ ಮೊದಲು ಎಚ್ಚರಗೊಳ್ಳುವುದು ಮದರ್‌ಬೋರ್ಡಿನಲ್ಲಿರುವ ಬಯಾಸ್ ಎಂಬ ಪುಟ್ಟ ಪ್ರೋಗ್ರಾಮು. ಅದು ಫೈಲಿನ ಹೆಸರು ಹುಡುಕುವುದಿಲ್ಲ. ಸೊನ್ನೆಯಿಂದ ಎಣಿಸಿ, ಡಿಸ್ಕಿನ 17ನೇ ಸೆಕ್ಟರಿಗೆ ನೇರ ಹೋಗುತ್ತದೆ. ಬೂಟ್ ಪ್ರೋಗ್ರಾಮು ಎಲ್ಲಿದೆಯೆಂದು ಅಲ್ಲಿ ಗುರುತು ಸಿಕ್ಕರೆ ಯಂತ್ರ ಏಳುತ್ತದೆ, ಇಲ್ಲವಾದರೆ ಇಲ್ಲ. ಫೀನಿಕ್ಸ್ ಮತ್ತು ಐಬಿಎಂ ಕಂಪನಿಗಳು 1995ರಲ್ಲಿ ರೂಪಿಸಿದ ‘ಎಲ್ ಟೊರಿಟೊ’ ಎಂಬ ಕಟ್ಟಳೆ ಇದು. ಅದು ಬಳಕೆಗೆ ಬರುವ ಮೊದಲು, ಸಿ.ಡಿ.ಯಲ್ಲಿ ವಿಂಡೋಸ್ ಇದ್ದರೂ 1.44 ಎಂಬಿಯ ಫ್ಲಾಪಿಯಿಂದ ಪಿಸಿ ಎಬ್ಬಿಸಬೇಕಾಗಿತ್ತು.

ಬರೆಯುವ ಮುನ್ನ ರಿಪೇರಿಯವರು ಫೈಲಿನ ಬೆರಳಚ್ಚಿನಂಥ ಚೆಕ್‌ಸಮ್ಮನ್ನು ಮೂಲ ತಾಣದ್ದರೊಂದಿಗೆ ಹೋಲಿಸುತ್ತಾರೆ. 64 ಅಕ್ಷರಗಳಲ್ಲಿ ಒಂದು ಬೇರೆಯಾದರೂ ಫೈಲು ಬೇಡ. 2016ರ ಫೆಬ್ರುವರಿಯಲ್ಲಿ ಇದೇ ಮಿಂಟ್‌ನ ಜಾಲತಾಣಕ್ಕೆ ಕನ್ನ ಹಾಕಿದವರು ಕಳ್ಳಬಾಗಿಲಿಟ್ಟ ಇಮೇಜನ್ನು ಜನರಿಗೆ ದಾಟಿಸಿದ್ದರು.

ಈಗ ಖಾಲಿ ಡಿವಿಡಿ ಟ್ರೇಗೆ ಇಳಿಯುತ್ತದೆ. ವೇಗ ಕಡಿಮೆಗೆ ನಿಲ್ಲುತ್ತದೆ. ಡ್ರೈವು ಮೊದಲು ಗುಂಯ್ಗುಡುತ್ತದೆ, ಆಮೇಲೆ ಒಂದೇ ಶ್ರುತಿಗೆ ಬರುತ್ತದೆ. ಒಳಗೆ ಕೆಂಪು ಲೇಸರು ಬಣ್ಣದ ಪದರವನ್ನು ಸುಡುತ್ತಾ ಒಳಸುತ್ತಿನಿಂದ ಹೊರಸುತ್ತಿಗೆ ಬರೆಯುತ್ತಾ ಸಾಗುತ್ತದೆ. ಟ್ರೇ ಹೊರಬಂದಾಗ ಡಿಸ್ಕಿನ ಅಡಿಯಲ್ಲಿ ಎರಡು ಛಾಯೆ: ಬರೆದದ್ದೊಂದು, ಉಳಿದದ್ದೊಂದು.

ಹುಡುಗನ ಹಳೆಯ ಯಂತ್ರಕ್ಕೆ ಡಿಸ್ಕು ಹೋಗುತ್ತದೆ. ಬೂಟ್ ಮೆನು ತೆರೆದು ಡಿವಿಡಿ ಆರಿಸಿದ ಮೇಲೆ ಕಪ್ಪು ಪರದೆ, ಸಾಲು ಸಾಲು ಬಿಳಿ ಅಕ್ಷರ, ಕೊನೆಗೆ ಡೆಸ್ಕ್‌ಟಾಪು! ಹಾರ್ಡ್‌ಡಿಸ್ಕನ್ನು ಇನ್ನೂ ಮುಟ್ಟಿಲ್ಲ. ಎಲ್ಲವೂ ಡಿವಿಡಿಯಿಂದಲೇ ನಡೆಯುತ್ತಿದೆ. ವೈಫೈ, ಸೌಂಡು ಸರಿಯಿದೆಯೇ ಎಂದು ಈಗಲೇ ನೋಡಿಕೊಳ್ಳಬಹುದು. ಇನ್‌ಸ್ಟಾಲ್ ಒತ್ತಿದರೆ ಭಾಷೆಗಳ ಪಟ್ಟಿ, ಅದರಲ್ಲಿ ‘ಕನ್ನಡ’ವೂ ಇದೆ.

“ಫೋಟೊ-ಗೀಟೊ ಬ್ಯಾಕಪ್ ತಗೊಂಡಿದೀಯೇನಪ್ಪ? ಮುಂದಕ್ಕೆ ಹೋದ್ರೆ ಹಳೇದೆಲ್ಲ ಅಳಿಸಿಹೋಗುತ್ತೆ.”

ಹುಡುಗ ತಲೆಯಾಡಿಸುತ್ತಾನೆ.

ಇಂಥ ಡಿಸ್ಕು ಈಗ ಬೇಕಾಗುವುದಕ್ಕೂ ಕಾರಣವಿದೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇಲ್ಲವೆಂಬ ಒಂದೇ ಕಾರಣಕ್ಕೆ ಗಟ್ಟಿಮುಟ್ಟಾದ ಯಂತ್ರಗಳೂ ಗುಜರಿ ಸೇರುತ್ತಿವೆ. ನಿಮ್ಮ ಮನೆಯಲ್ಲೂ ಅಂಥದ್ದೊಂದಿದ್ದರೆ ತೂಕಕ್ಕೆ ಹಾಕುವ ಮುನ್ನ ಹೀಗೊಂದು ಡಿಸ್ಕು ಬರೆದು ನೋಡಿ. ಡಿವಿಡಿ ಡ್ರೈವ್ ಇಲ್ಲದಿದ್ದರೆ ಅದೇ ಇಮೇಜನ್ನು ಪೆನ್‌ಡ್ರೈವಿಗೆ ಬರೆಯಬಹುದು. ನಿಮಗೆ ಬೇಡವಾದರೂ ಆ ಯಂತ್ರ ಓದುವ ಮಗುವೊಂದಕ್ಕೆ ಆದೀತು.